ತೊಟ್ಟಿಯ ತಳದ ನೀಲಿ ನೀರು

ಯಾವಗಲ್, ರೋಣ ತಾಲೂಕು
೧೪ ಆಗಸ್ಟ್ ೨೦೦೭, ಮಂಗಳವಾರ

ಪ್ರೀತಿಯ ಜಾಕೀರಣ್ಣಾ,

ಹ್ಯಾಂಗಿದ್ದೀ? ಬೆಳಗಾವಿಯ ಮಳೆಗೆ ನಿನ್ನ ಉಬ್ಬಸ ಮತ್ತೆ ಎದ್ದಿಲ್ಲವಷ್ಟೇ? ಅಬ್ಬಾ ಆರಾಮ ಇದ್ದಾರೆ, ಕಣ್ಣಷ್ಟೇ ಮಂಜು. ನಿನ್ನ ಫೋನು ಎಷ್ಟು ಹಚ್ಚಿದರೂ ಹತ್ತವಲ್ದು. ಅದಕ್ಕೇ ಮೊಟ್ಟೆ ಲಾರಿಯ ಮಾಳಪ್ಪನ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ನನ್ನ ಕೂಸು, ನಿನ್ನ ಸೊಸಿ ಸಾಬೀರಾಗೆ ಶುಕ್ರವಾರದಿಂದ ಜ್ವರ, ಭೇದಿಯಲ್ಲಿ ರಕ್ತ. ರೋಣದ ಡಾಕ್ಟರು ಕೊಟ್ಟ ಔಷಧ ನಾಟಲಿಲ್ಲ, ಬದಲಿಸಿ ಕೊಟ್ಟದ್ದೂ ನಾಟುತ್ತಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾದರೆ ಬಯ್ಯಬೇಡ. ಭಾಳ ಹೆದರಿಕಿ ಆಗೇತಿ ಅಣ್ಣಾ. ಕೂಸಿನ ಜ್ವರಕ್ಕಿಂತ ನೀನು ಹೋದ ಸಲ ಬರೆದ ಕಾಗದದ್ದೇ ಹೆಚ್ಚು ಹೆದರಿಕಿ.

ಉರುಸಿಗೆ ಬಂದಾಗ ನಾನು ದುಡಿಯುವ ಕೋಳಿ ಶೆಡ್ಡಿನ ನೆಲ, ನೀರಿನ ಬಟ್ಟಲು, ಬಾಗಿಲ ತೊಟ್ಟಿ ಎಲ್ಲವನ್ನೂ ಹತ್ತಿಯಲ್ಲಿ ಒರೆಸಿ ನಿನ್ನ ಲ್ಯಾಬಿಗೆ ಒಯ್ದಿದ್ದೆಯಲ್ಲ. ನಾವೆಲ್ಲ ನಕ್ಕಿದ್ದೆವು. ನನ್ನ ಜೋಡಿ ದುಡಿಯುವ ಸುಶೀಲವ್ವ ಅಂತೂ, "ಕೋಳಿ ಹಿಕ್ಕಿ ಒಯ್ಯಾಕ ಸಾಲಿ ಕಲಿತು ಬೆಳಗಾವಿಗೆ ಹೋಗಬೇಕಿತ್ತೇನೋ ತಮ್ಮಾ" ಅಂದಿದ್ದಳು. ಈಗ ನಗು ಬರುತ್ತಿಲ್ಲ. ಶೆಡ್ಡಿನಲ್ಲಿ ಸಿಕ್ಕ ಕಣ್ಣಿಗೆ ಕಾಣದ ರೋಗದ ಹುಳದೊಳಗೆ, ತೊಟ್ಟಿಗೆ ಹಾಕುವ ನೀಲಿ ಔಷಧವನ್ನು ಹೊರಗೆ ಉಗುಳಿ ಹಾಕುವ ಗುಣ ಹುಟ್ಟಿದೆ, ಅದನ್ನು ತನ್ನ ಮರಿಗಷ್ಟೇ ಅಲ್ಲ, ಪಕ್ಕದ ಬೇರೆ ಜಾತಿಯ ಹುಳಕ್ಕೂ ಕೊಡುತ್ತದೆ ಎಂದು ನೀನು ಬರೆದಿದ್ದೆ. ಮನಿಯಿಂದ ಮನಿಗೆ ಹೆಪ್ಪು ಕಡ ಕೊಟ್ಟ ಹಾಗೆ ಅಂದುಕೊಂಡೆ. ಅದೇ ಎಳೆಯಲ್ಲಿ ಮನುಷ್ಯರ ಔಷಧ ತಡೆಯುವ ಗುಣವೂ ಪೋಣಿಸಿಕೊಂಡು ಬಂದಿದೆ ಎಂಬ ನಿನ್ನ ಕಡೆಯ ಸಾಲನ್ನು ಮಾತ್ರ ಕೂಸಿನ ಮುಖ ನೋಡುತ್ತ ಮತ್ತೆ ಮತ್ತೆ ಓದುತ್ತಿದ್ದೇನೆ.

ಈ ಗುಣ ಹೇಗೆ ಹುಟ್ಟಿತು ಅಂತ ನೀನು ಕೇಳಿದ್ದೆ. ಕೇಳು. ಬಾಗಿಲಲ್ಲಿ ಕಾಲದ್ದುವ ತೊಟ್ಟಿಯನ್ನು ನಾವು ಒಮ್ಮೆಯೂ ಪೂರಾ ಚೆಲ್ಲಿಲ್ಲ. ಮನೆಯಲ್ಲಿ ಹಿಟ್ಟಿನ ಡಬ್ಬಿ, ನೀರಿನ ಕೊಡ ಬರಿದು ಮಾಡುವುದಿಲ್ಲವಲ್ಲ, ಹಾಗೇ. "ಬರೇ ಪಾತ್ರಿ ಚಲೋ ಅಲ್ಲವಾ, ತಳಕ್ಕ ಒಂದೀಟು ಇರಲಿ" ಅನ್ನುತ್ತ ಸುಶೀಲವ್ವ ತಳದ ಕೊಳಕು ನೀರಿನ ಮೇಲೇ ಹೊಸ ನೀರು ಸುರಿಯುತ್ತಿದ್ದಳು, ನಾವೂ ಸುರಿದೆವು. ನಮ್ಮ ರೂಢಿ ಮಾಲಕನಿಗೆ ಹಬ್ಬವಾಯಿತು. "ತಳದಾಗ ಔಷಧ ಐತೆಲ್ಲ, ಮತ್ತ ಯಾಕ?" ಅಂತ ಔಷಧದ ಕ್ಯಾನನ್ನೇ ಬೀಗದಲ್ಲಿಟ್ಟ. ಸಾಯದಷ್ಟು ತೆಳ್ಳಗಿನ ಔಷಧದಲ್ಲಿ ಉಳಿದ ಹುಳವೇ ಬೆಳೆಯಿತು. ಆ ನೀರಲ್ಲಿ ಕಾಲದ್ದಿ, ಅದೇ ಸೆರಗಿನಲ್ಲಿ ಬಂದು ನಾನು ಕೂಸನ್ನು ಎತ್ತಿಕೊಂಡೆ. ರೂಢಿ ನಮ್ಮದು, ಹೌದು. ಬೀಗ ಯಾರದು? ನಿನ್ನೆ ಮಾಲಕನನ್ನೇ ಕೇಳಿದೆ. "ಕೋಳಿ ಮುಟ್ಟೋರಿಗೆ ಬ್ಯಾನಿ ಬಂದರ ಅದೇನು ದೊಡ್ಡ ಸುದ್ದಿ?" ಅಂದ. ಅವನ ಮಕ್ಕಳು ಶೆಡ್ಡಿನ ಕಡೆ ಮುಖ ಹಾಕುವುದಿಲ್ಲ.

ನೀನೂ ಅವನಿಗೆ ಹೆದರಿದ್ದೀ. ಒರೆಸಿ ಒಯ್ದದ್ದರಲ್ಲಿ ಏನು ಸಿಕ್ಕರೂ ಹೊರಗೆ ಹೇಳಬಾರದೆಂಬ ಮಾತಿನ ಮೇಲೆ ನಿನ್ನನ್ನು ಒಳಗೆ ಬಿಟ್ಟಿದ್ದ, ಹೇಳಿದರೆ ಲ್ಯಾಬಿನ ನೌಕರಿ ಹೋಗುತ್ತದೆ ಎಂದು ನೀನು ಬರೆದಿದ್ದೆ. ನೌಕರಿಯ ಕಷ್ಟ ನನಗೂ ಗೊತ್ತು. ಆದರೆ ಬಾಯಿ ಕಟ್ಟಿದ ನೌಕರಿ ಅವನ ಬೀಗದ ಕ್ಯಾನಿನ ಹಾಗೆಯೇ ಅಣ್ಣಾ, ಒಳಗೆ ಔಷಧ ಇದ್ದೂ ಯಾರಿಗೂ ಬಾರದು.

ಅಬ್ಬಾ ದುವಾ ಹೇಳಿದ್ದಾರೆ. ಉಬ್ಬಸದ ಗುಳಿಗೆ ಬಿಡಬೇಡ, ತಲೆಗೆ ವಸ್ತ್ರ ಕಟ್ಟಿಕೋ. ಅಲ್ಲಾಹ್ ನಿನ್ನ ಉಸಿರು ಹಗುರ ಮಾಡಲಿ.

ನಿನ್ನ ತಂಗಿ,
ಮುಬೀನಾ

ಮರೆತ ಮಾತು: ಮಾಳಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ಕೂಸು ಅಳುವುದನ್ನೇ ಬಿಟ್ಟಿದೆ, ಕಣ್ಣು ಒಳಗೆ ಹೋಗಿವೆ. ನಮ್ಮ ಮನಿಯವರು, ಶಾಹೀದ, ಜೀಪು ತಂದರು, ಗದಗಕ್ಕೆ ಹೊಂಟೆವು. ಹೊಸದಾಗಿ ಪರೀಕ್ಷೆ ಮಾಡಿಸಿದರೆ ದಿನಗಟ್ಟಲೆ ಬೇಕಂತೆ. ರೋಣದ ಡಾಕ್ಟರು ಕೇಳಿದರು, ಶೆಡ್ಡಿನ ಹುಳ ಯಾವ ಔಷಧಕ್ಕೆ ಸಾಯುತ್ತದೆಂದು ಯಾರಾದರೂ ನೋಡಿದ್ದಾರೇನು ಅಂತ. ನೀನು ನೋಡಿದ್ದೀ. ಗದಗ ಆಸ್ಪತ್ರೆಯ ವಾರ್ಡಿನ ಫೋನ್ ನಂಬರು ಕಾಗದದ ಹಿಂಬದಿಗೆ ಬರೆದಿದ್ದೇನೆ, ಕಾಗದ ಕೈಗೆ ಬಂದ ಕೂಡಲೇ ಲಗೂನ ಹಚ್ಚು. ನೀನು ಔಷಧದ ಹೆಸರಷ್ಟೇ ಹೇಳು. ಮಾಲಕನ ಹೆಸರು ನಾನು ಹೇಳುತ್ತೇನೆ.