ಉದ್ಘಾಟನೆಯ ಕಲ್ಲು

ಮಾಜಿ ಆರೋಗ್ಯ ಮಂತ್ರಿಗಳಿಗೆ, ಹೊನ್ನಾಳಿ ಸೀಮೆಯ ಕಸ್ತೂರಮ್ಮನ ಶರಣು.

ನಮ್ಮೂರ ಹೆರಿಗೆ ಆಸ್ಪತ್ರೆ ಮುಚ್ಚಿದ್ದು ಸರ್ಕಾರದ ನೀತಿ, ಅದಕ್ಕೆ ಯಾವೊಬ್ಬರೂ ಹೊಣೆಯಲ್ಲ ಎಂದು ಕೋರ್ಟು ಹೇಳಿತು. ನಾನು ಮೇಲಿನ ಕೋರ್ಟಿಗೆ ಹೋಗುವುದಿಲ್ಲ.

ಒಂದೇ ಕೋರಿಕೆ. ಆ ಆಸ್ಪತ್ರೆಯನ್ನು ತೆರೆದವರು ನೀವೆಂದು ಬಾಗಿಲ ಪಕ್ಕದ ಕಲ್ಲಿನಲ್ಲಿ ನಿಮ್ಮ ಹೆಸರಿದೆ. ಹೆಸರಿನ ಕೆಳಗೆ, ನೀವು ಮುಚ್ಚಿಸಿದ ತಾರೀಖನ್ನೂ ಕೆತ್ತಿಸಿ.

ಬೀಗ ಬಿದ್ದ ಮರುದಿನ, ಗೊತ್ತಿಲ್ಲದೆ, ನೋವು ತಿನ್ನುತ್ತಿದ್ದ ಮಗಳು ಪವಿತ್ರಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆಂಬುಲೆನ್ಸ್ ಬರುವವರೆಗೆ ಅವಳಿಗೆ ಎಚ್ಚರ ತಪ್ಪದಿರಲಿ ಎಂದು, "ಆ ಕಲ್ಲಿನ ಮ್ಯಾಲೆ ಏನ್ ಬರ್ದೈತೆ, ಓದವ್ವಾ" ಅಂದೆ. ಓದಿದಳು. ನಿಮ್ಮ ಹೆಸರೇ ಅವಳ ಕೊನೆಯ ಮಾತು.

ಈಗಲೂ ಟೀವಿಯಲ್ಲಿ ಯಾರು ನಿಮ್ಮ ಹೆಸರು ಹೇಳಿದರೂ ನನಗೆ ಅವಳ ದನಿಯಲ್ಲೇ ಕೇಳಿಸುತ್ತದೆ.

ಇಂತಿ,
ಪವಿತ್ರಳ ತಾಯಿ