ಹದಿನಾಲ್ಕು ದಿನದ ಕಾಡು, ಎರಡು ತಿಂಗಳ ಟಿಕೆಟು

ದಿ ಪಾಂಡ್ಸ್, ಸಿಡ್ನಿ
೯ ಆಗಸ್ಟ್ ೨೦೨೫, ಶನಿವಾರ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಮಲೇರಿಯಾ ಮಾತ್ರೆಯನ್ನು ಊಟ ಆದ ಮೇಲೆಯೇ ತೆಗೆದುಕೊಳ್ಳುತ್ತಿದ್ದೀರಿ ತಾನೆ? ಖಾಲಿ ಹೊಟ್ಟೆಗೆ ನುಂಗಿ ಆಮೇಲೆ ತಲೆ ಸುತ್ತಿತು ಎನ್ನಬೇಡಿ, ಅಲ್ಲಿ ನಿಂಬೆ ಶರಬತ್ತು ಮಾಡಿಕೊಡಲು ನಾನಿಲ್ಲ. ನಾವೆಲ್ಲ ಇಲ್ಲಿ ಕ್ಷೇಮ. ಅಕ್ಷಿತ್ ಮತ್ತು ಸೊಸೆ ಎಂದಿನಂತೆ ಆಫೀಸು, ಮಾರ್ಟ್‌ಗೇಜು ಎಂದು ಓಡಾಡುತ್ತಿದ್ದಾರೆ. ಮೊಮ್ಮಗಳು ದಿನಾ ಭೂಪಟ ತೆಗೆದು ಜಾಂಬಿಯಾದ ಮೇಲೆ ಬೆರಳಿಟ್ಟು, ನನಗೆ ಅರ್ಧ ಮಾತ್ರ ತಿಳಿಯುವ ಇಂಗ್ಲಿಷಿನಲ್ಲಿ ಅಜ್ಜನನ್ನು ನೀರಾನೆ ತಿನ್ನುತ್ತದೋ ಮೊಸಳೆ ತಿನ್ನುತ್ತದೋ ಎಂದು ಕೇಳುತ್ತಾಳೆ. ಅಜ್ಜನ ಮೈಯಲ್ಲಿ ಯಾವುದಕ್ಕೂ ಸಾಲುವಷ್ಟು ಮಾಂಸವಿಲ್ಲ ಎಂದು ಸಮಾಧಾನ ಹೇಳಿದ್ದೇನೆ. ನಿಮ್ಮ ಕಾಡಿನ ಕಂಪನಿಯ ಆಫೀಸಿಗೆ ಅಕ್ಷಿತ್ ಫೋನ್ ಮಾಡಿದ್ದ. ನಡಿಗೆಯ ಹದಿನಾಲ್ಕು ದಿನವೂ ಫೋನ್ ಸಿಗುವುದಿಲ್ಲವಂತೆ. ಮನೆಯವರು ಒಂದು ಪತ್ರವನ್ನು ಇಮೇಲಿನಲ್ಲಿ ಕಳಿಸಿದರೆ ಅದನ್ನು ಪ್ರಿಂಟ್ ತೆಗೆದು, ಹತ್ತನೇ ದಿನ ಲುವಾಂಗ್ವಾ ನದಿಯ ದಡದ ಕ್ಯಾಂಪಿನಲ್ಲಿ ಗೈಡ್ ಕೈಯಿಂದ ಕೊಡಿಸುತ್ತಾರಂತೆ. ನಾನು ಬರೆದದ್ದನ್ನು ಅಕ್ಷಿತ್ ಫೋಟೋ ಹಿಡಿದು ಕಳಿಸುತ್ತಾನೆ. ಅವನಿಗೆ ಕನ್ನಡ ಓದಲು ಬಾರದಿರುವುದು ಇವತ್ತೊಂದು ದಿನ ಉಪಕಾರಕ್ಕೆ ಬಂತು. ತುಳುವಿನಲ್ಲಿಯೇ ಬರೆಯೋಣ ಎಂದುಕೊಂಡೆ. ಆದರೆ ನಾವು ಜಗಳವಾಡಿದ್ದೆಲ್ಲ ತುಳುವಿನಲ್ಲಿ, ಪತ್ರ ಬರೆದದ್ದೆಲ್ಲ ಕನ್ನಡದಲ್ಲಿ. ಈಗ ಜಗಳವನ್ನೇ ಬರೆಯಬೇಕಾಗಿದೆ, ಏನು ಮಾಡಲಿ.

ನನಗೆ ಮೊದಲಿನಿಂದಲೂ ಅನುಮಾನ. ಅರವತ್ನಾಲ್ಕು ವರ್ಷದ ನೀವು ಬೀದಿ ತುದಿಯ ಟಪಾಲು ಪೆಟ್ಟಿಗೆಗೂ ಕಾರು ತೆಗೆಯುವವರು. ಬ್ಲೂ ಮೌಂಟನ್ಸಿಗೆ ಹೋದಾಗ ಎಲ್ಲರೂ ಜಲಪಾತ ನೋಡಲು ಇಳಿದರೆ ನೀವು ಕಾರಿನಲ್ಲಿ ಕುಳಿತು ಫ್ಲಾಸ್ಕಿನ ಕಾಫಿ ಮುಗಿಸಿದಿರಿ. ಅಂಥವರು ಜೂನಿನಲ್ಲಿ ಮೆಲ್ಬರ್ನಿನ ನಮ್ಮ ಟ್ರುಗನಿನಾದ ಮನೆಯಿಂದ ಫೋನ್ ಮಾಡಿ, ಜೀವಮಾನದಲ್ಲಿ ಒಮ್ಮೆ ಆಫ್ರಿಕಾದ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ತಿರುಗುವ ಆಸೆ ಇದೆ ಎಂದಿರಿ. ಮೂವತ್ತೈದು ವರ್ಷ ಜೊತೆಯಲ್ಲಿದ್ದೂ ನನಗೆ ಗೊತ್ತಾಗದ ಆಸೆ ಅದೆಂಥದು? ನಾನು ಜನವರಿಯಿಂದ ಮೊಮ್ಮಗಳನ್ನು ನೋಡಿಕೊಳ್ಳಲು ಸಿಡ್ನಿಯಲ್ಲಿದ್ದೇನೆ, ನೀವು ಆ ಮನೆಯಲ್ಲಿ ಒಬ್ಬರೇ. ಗಂಡಸರು ಒಂಟಿಯಾಗಿದ್ದರೆ ತಲೆಗೆ ಏನೇನೋ ಬರುತ್ತದೆ ಎಂದು ಸುಮ್ಮನಾದೆ. ಆದರೆ ಅಕ್ಷಿತ್‌ನನ್ನು ಕೇಳಿದಾಗ ಅವನು ನನ್ನ ಮುಖ ನೋಡದೆ ಪಾತ್ರೆ ತೊಳೆಯಲು ಎದ್ದು ಹೋದ. ಆ ಹುಡುಗ ಪಾತ್ರೆ ತೊಳೆದದ್ದನ್ನು ನೀವು ಕಂಡಿದ್ದೀರಾ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಹಾಗಾಗಿ ನೀವು ವಿಮಾನ ಹತ್ತಿದ ಮರುದಿನವೇ, ಮನೆಯ ನಲ್ಲಿ ಸರಿಯಾಗಿ ನಿಲ್ಲಿಸಿದ್ದಾರೋ ಇಲ್ಲವೋ ಎಂಬ ನೆಪ ಮಾಡಿ ಟ್ರುಗನಿನಾಕ್ಕೆ ಹೋಗಿ ಬಂದೆ. ಬೇಲಿಯಾಚೆಯ ಶಾಂತವೀರಪ್ಪನವರು ನನ್ನನ್ನು ಕಂಡದ್ದೇ ಕೇಳಿದರು: "ಅಕ್ಕಾರ, ಕಮಲಾಕ್ಷ ಅವರು ಮೂರು ತಿಂಗಳಾತು, ದಿನಾ ಮುಂಜಾನೆ ಹತ್ತು ಕೇಜಿ ಅಕ್ಕಿ ಚೀಲ ಬೆನ್ನಿಗೆ ಹಾಕ್ಕೊಂಡು ಹೋಗ್ತಿದ್ರು, ಅದನ್ನ ಹೊತ್ಕೊಂಡೇ ವಾಪಸ್ ಬರ್ತಿದ್ರು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲೇನು?" ಗೋದಾಮುಗಳ ರಸ್ತೆಯಲ್ಲಿ ಆ ಚಳಿಯಲ್ಲಿ ಸೋನಾಮಸೂರಿ ಹೊತ್ತು ನಡೆದು ನೀವು ಅಭ್ಯಾಸ ಮಾಡಿದ್ದು ಗೊತ್ತಾಗಿ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ನನ್ನ ಜೊತೆ ವಾಕಿಂಗ್ ಬನ್ನಿ ಎಂದರೆ ಬಾರದ ಕಾಲು ಯಾರಿಗಾಗಿ ಇಷ್ಟು ನಡೆಯಿತು? ಹಾಲು ತರಲು ಇಂಡಿಯನ್ ಅಂಗಡಿಗೆ ಹೋದರೆ ಅಲ್ಲಿ ಚಿನ್ಮಯಿ. ಗಲ್ಲಾದಲ್ಲಿ ಕುಳಿತಿದ್ದವಳು ಎದ್ದು ಬಂದು ಅಪ್ಪಿಕೊಂಡಳು. "ಕಂಗ್ರಾಟ್ಸ್ ಆಂಟಿ, ಅಂಕಲ್ ಬಾಣಂತಿ ಸಾಮಾನೆಲ್ಲ ಪ್ಯಾಕ್ ಮಾಡ್ಸ್ಕೊಂಡು ಹೋದ್ರು. ಸೊಸೆಗೆ ಎಷ್ಟು ತಿಂಗ್ಳು?" ಎಂದಳು. ಏನೇನು ಕೊಂಡರು ಎಂದು ಕೇಳಿ, ಅವಳು ಒಂದೊಂದಾಗಿ ಹೇಳಿದ್ದನ್ನು ಕೇಳಿಸಿಕೊಂಡು, ಹಾಲು ತೆಗೆದುಕೊಂಡು ಬಂದೆ.

ಸೊಸೆಗೆ ಅಂಥದ್ದೇನೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆಗ ನೆನಪಾಯಿತು, ಜುಲೈಯಲ್ಲಿ ನೀವು ಫೋನಿನಲ್ಲಿ ಹೊಟ್ಟೆಯ ವಾಯು ಎಂದು ನರಳಿ, ಹೆರಿಗೆಯಾದಾಗ ನಾನು ತಿಂದ ಆ ಕಪ್ಪು ಲೇಹ್ಯಕ್ಕೆ ಏನೇನು ಹಾಕುತ್ತಾರೆ ಎಂದು ಕೇಳಿದ್ದು. ಗಂಡಸಿನ ವಾಯುವಿಗೆ ಬಾಣಂತಿಯ ಮದ್ದೇ? ಅನುಮಾನ ಬಂದು ಒಣಶುಂಠಿ, ಮೆಂತೆ, ಓಮ ಇಷ್ಟನ್ನೇ ಹೇಳಿ, ತಾಳೆಮರದ ಓಲೆಬೆಲ್ಲದ ಹೆಸರನ್ನು ಬೇಕೆಂದೇ ನುಂಗಿಕೊಂಡಿದ್ದೆ. ಚಿನ್ಮಯಿಯ ಅಂಗಡಿಯಲ್ಲಿ ನೀವು ಓಲೆಬೆಲ್ಲವನ್ನೂ ಕೊಂಡಿದ್ದೀರಿ. ಅಂದರೆ ಉಡುಪಿಯ ನಿಮ್ಮ ಅಕ್ಕನನ್ನು ಕೇಳಿದ್ದೀರಿ. ಊರಿಗೆಲ್ಲ ಗೊತ್ತು, ಕಡಲಾಚೆಗೂ ಗೊತ್ತು, ಸುಗುಣಾ ಒಬ್ಬಳಿಗೆ ಗೊತ್ತಿಲ್ಲ.

ಮನೆಗೆ ಬಂದು ನಿಮ್ಮ ಮೇಜು ಹುಡುಕಿದೆ. ಹುಡುಕಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಯಾವ ಕಾಗದವನ್ನೂ ಎರಡು ಪ್ರತಿ ತೆಗೆಯುವ ನಿಮ್ಮ ರೈಲ್ವೆ ಆಫೀಸಿನ ಚಟ ನಿಮ್ಮನ್ನು ಹಿಡಿದುಕೊಟ್ಟಿತು. ಟಿಕೆಟಿನ ಎರಡನೇ ಪ್ರತಿ ಪ್ರಿಂಟರಿನಲ್ಲಿಯೇ ಇತ್ತು. ಹದಿನಾಲ್ಕು ದಿನ ನಡೆಯುವವರಿಗೆ ವಾಪಸ್ ಟಿಕೆಟು ಅಕ್ಟೋಬರ್ ಐದಕ್ಕೆ ಏಕೆ? ನಾನು ಲೆಕ್ಕದಲ್ಲಿ ದಡ್ಡಿಯಾದರೂ ನಲವತ್ತು ದಿನದ ಬಾಣಂತನದ ಲೆಕ್ಕ ತಪ್ಪುವವಳಲ್ಲ. ಅಕ್ಟೋಬರ್ ಐದರಿಂದ ಹಿಂದಕ್ಕೆ ಬೆರಳು ಮಡಿಸಿದರೆ ಆಗಸ್ಟ್ ಕೊನೆಯ ವಾರಕ್ಕೆ ಬಂದು ನಿಲ್ಲುತ್ತದೆ. ಜಾಂಬಿಯಾದಲ್ಲಿ ನಮಗೆ ಬೇಕಾದವಳು ಒಬ್ಬಳೇ ಇದ್ದಾಳೆ.

ಐದು ವರ್ಷದಿಂದ ನಮ್ಮ ಮನೆಯಲ್ಲಿ ಆ ಹೆಸರು ಎತ್ತಿಲ್ಲ, ಇವತ್ತು ನಾನೇ ಬರೆಯುತ್ತೇನೆ. ತೃಷಾ. ಮೆಲ್ಬರ್ನಿನಲ್ಲಿ ಓದಿ ಪ್ರಾಣಿಗಳ ಡಾಕ್ಟರಾದವಳು, ಕಾಡಾನೆಗಳಿಗೆ ಮದ್ದು ಮಾಡಲು ಒಂದು ವರ್ಷ ಎಂದು ಹೋಗಿ, ಅಲ್ಲಿಯ ಗೈಡ್ ಒಬ್ಬನನ್ನು ಮದುವೆಯಾಗುತ್ತೇನೆ ಎಂದು ಫೋನ್ ಮಾಡಿದಳು. ನಾನು ಆಡಿದ ಮಾತು ನಿಮಗೆ ನೆನಪಿದೆ, ನನಗೂ ಇದೆ. "ನನಗೆ ಇರೋದು ಒಬ್ನೇ ಮಗ. ಇನ್ನು ಫೋನ್ ಮಾಡ್ಬೇಡ" ಎಂದಿದ್ದೆ. ಅವಳು ಒಂದೇ ಒಂದು ಸಲ "ಆಯ್ತಮ್ಮ" ಎಂದಳು. ಚಿಕ್ಕಂದಿನಲ್ಲಿ ಯಾವ ಮಾತನ್ನೂ ಕೇಳದ ಹುಡುಗಿ ಆ ಒಂದು ಮಾತನ್ನು ಎಷ್ಟು ಚೆನ್ನಾಗಿ ಕೇಳಿದಳು ನೋಡಿ.

ಆ ಹುಡುಗನ ಹೆಸರನ್ನು ಅವಳು ಒಮ್ಮೆ ಹೇಳಿದ್ದಳು, ಜೋಸೆಫ್ ಫಿರಿ. ನಿಮ್ಮ ಮೇಜಿನ ಮೇಲಿನ ಕಂಪನಿಯ ಪುಸ್ತಕದಲ್ಲಿ ನಿಮ್ಮ ತಂಡದ ಮುಖ್ಯ ಗೈಡ್ ಎಂದು ಅದೇ ಹೆಸರು ಅಚ್ಚಾಗಿದೆ, ಪಕ್ಕದಲ್ಲಿ ಕೋವಿ ಹಿಡಿದ ಫೋಟೋ. ಅಂದರೆ ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟವನೇ ನಮ್ಮ ಅಳಿಯ. ಈಗ ಎಲ್ಲವೂ ತಿಳಿಯಿತು. ನಮ್ಮಲ್ಲಿ ಹುಡುಗನನ್ನು ನೋಡಲು ಹೋಗುವಾಗ ನಾಲ್ಕು ಜನ ಹಿರಿಯರು ಹೋಗಿ, ಕಾಫಿ ಕುಡಿದು, ಬಾವಿಯ ನೀರು ಹೇಗಿದೆ ಎಂದು ವಿಚಾರಿಸಿ ಬರುತ್ತಾರೆ. ಮದುವೆಯಾಗಿ ಐದು ವರ್ಷವಾದ ಹುಡುಗನನ್ನು ನೋಡಲು ಸಿಂಹದ ಕಾಡಿಗೆ ಹೋದವರು ನೀವೊಬ್ಬರೇ ಇರಬೇಕು. ಮಗಳ ಮನೆಯಲ್ಲಿ ಕುಳಿತರೆ ಯಾವ ಅಳಿಯನೂ ಒಳ್ಳೆಯವನೇ. ಕಾಡಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ನಡೆದರೆ ಮನುಷ್ಯ ಎಂಥವನೆಂದು ಗೊತ್ತಾಗುತ್ತದೆ ಎಂದು ನೀವು ಯೋಚಿಸಿರಬೇಕು. ಅದು ಸರಿ. ಆದರೆ ನೀವು ಯಾರೆಂದು ಅವನಿಗೆ ಗೊತ್ತೇ? ಗೊತ್ತಿದ್ದರೆ ಅವನು ನಾಟಕವಾಡುತ್ತಿರಬಹುದು, ಕಣ್ಣಿಟ್ಟು ನೋಡಿ. ತಿಂಗಳು ತುಂಬುತ್ತಿರುವ ಹೆಂಡತಿಯನ್ನು ಬಿಟ್ಟು ಹದಿನಾಲ್ಕು ದಿನ ಕಾಡಿನಲ್ಲಿರುವುದು ನನಗಂತೂ ಸರಿ ಕಾಣಲಿಲ್ಲ. ಆ ಹೊತ್ತಿಗೆ ಅವಳ ಪಕ್ಕದಲ್ಲಿ ಯಾರಿದ್ದಾರೆ, ಕೇಳಿದ್ದೀರಾ? ಇನ್ನೊಂದು ವಿಷಯ. ನಡೆಯುವಾಗ ತಂಡದಲ್ಲಿ ಹಿಂದೆ ಬಿದ್ದವರಿಗಾಗಿ ಅವನು ನಿಂತು ಕಾಯುತ್ತಾನೆಯೇ? ಅಥವಾ ನಡೆಯಿರಿ ನಡೆಯಿರಿ ಎಂದು ಅವಸರ ಮಾಡುತ್ತಾನೆಯೇ? ಹಿಂದೆ ಬೀಳುವವರು ಹೇಗೂ ನೀವೇ ಆಗಿರುತ್ತೀರಿ, ಆದ್ದರಿಂದ ನಿಮಗೆ ಸರಿಯಾಗಿ ಗೊತ್ತಿರುತ್ತದೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಸುಳ್ಳು ಹೇಳಿದ್ದಕ್ಕಲ್ಲ, ಮೂವತ್ತೈದು ವರ್ಷದಲ್ಲಿ ಅದು ಅಭ್ಯಾಸವಾಗಿದೆ. ಮಗಳ ಮೊದಲ ಹೆರಿಗೆಗೆ ತವರಿನ ಮದ್ದು ಕಟ್ಟಿಕೊಂಡು ಅಪ್ಪ ಹೊರಟರು, ಅಮ್ಮನಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ಕಾಲಿನ ಮೇಲೆ ಮಲಗಿಸಿ ನೀರೆರೆಯುವುದು ನಿಮಗೆ ಬರುತ್ತದೆಯೇ? ಬಾಣಂತಿಯ ಸೊಂಟಕ್ಕೆ ಬಟ್ಟೆ ಕಟ್ಟುವುದು? ನನ್ನ ಬಾಯಿಗೆ ಹೆದರಿ ಮುಚ್ಚಿಟ್ಟಿರಿ ಎಂದು ಗೊತ್ತು. ಗಂಡ, ಮಗ, ಅತ್ತಿಗೆ ಎಲ್ಲರೂ ಹೆದರುವಂಥ ಬಾಯಿ ನನ್ನದೇ ಎಂದು ಆ ದಿನ ಟ್ರುಗನಿನಾದ ಮನೆಯಲ್ಲಿ ಒಬ್ಬಳೇ ಕುಳಿತಾಗ ಗೊತ್ತಾಯಿತು. ತುಂಬ ಅತ್ತೆ. ಆಮೇಲೆ ನಲ್ಲಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಸಿಡ್ನಿಗೆ ಬಂದೆ. ಅಕ್ಷಿತ್‌ಗೆ ಏನೂ ಹೇಳಿಲ್ಲ.

ಶೂ ಹಾಕುವ ಮೊದಲು ಕೊಡವಿ, ಒಳಗೆ ಚೇಳಿರುತ್ತದಂತೆ. ಸಂಜೆಯಾದ ಮೇಲೆ ನದಿಯ ಹತ್ತಿರ ಹೋಗಬೇಡಿ. ತಂಡದ ಉಳಿದವರಿಗೆ ನನ್ನ ನಮಸ್ಕಾರ ತಿಳಿಸಿ. ಗೈಡ್‌ಗೆ ಆಶೀರ್ವಾದ ತಿಳಿಸಬೇಕೋ ಬೇಡವೋ, ಹತ್ತು ದಿನ ಅವನ ಹಿಂದೆ ನಡೆದ ನೀವೇ ತೀರ್ಮಾನಿಸಿ.

ಇಂತು ನಿಮ್ಮ,
ಸುಗುಣಾ

ಮರೆತಿದ್ದೆ: ಬುಧವಾರ ದೇವಸ್ಥಾನಕ್ಕೆ ಎಂದು ಹೇಳಿ ಹೋಗಿ ಕ್ಲಿನಿಕ್ಕಿನಲ್ಲಿ ಟೈಫಾಯ್ಡ್ ಇಂಜೆಕ್ಷನ್ ಮಾಡಿಸಿಕೊಂಡು ಬಂದೆ. ತೋಳು ಊದಿದೆ, ಅಕ್ಷರ ಸೊಟ್ಟಗಾಗಿರುವುದು ಅದಕ್ಕೆ. ಇಪ್ಪತ್ತನೇ ತಾರೀಖಿನ ವಿಮಾನದಲ್ಲಿ ಸೀಟಿದೆ, ಇನ್ನೂ ಬುಕ್ ಮಾಡಿಲ್ಲ. ಕಾಡಿನಿಂದ ಹೊರಗೆ ಬಂದು ಅವಳನ್ನು ಕಂಡ ದಿನವೇ ಕೇಳಿ ನನಗೆ ಫೋನ್ ಮಾಡಿ. ಅವಳು ಬೇಡ ಎಂದರೆ ಬೇಡ ಎಂದೇ ತಿಳಿಸಿ, ನನ್ನ ಮನಸ್ಸು ನೋಯುತ್ತದೆಂದು ಇನ್ನೊಂದು ಸುಳ್ಳು ಕಟ್ಟಬೇಡಿ. ಅಮ್ಮ ಬರುತ್ತಾಳೆ ಎಂದು ಹೇಳಬೇಡಿ. ಬರಬಹುದೇ ಎಂದು ಅಮ್ಮ ಕೇಳಿದ್ದಾಳೆ ಎನ್ನಿ.