ಹನಿ ಹಾಕಿಕೊಂಡು ಬರಲೇ, ಹಾಕಿಕೊಳ್ಳದೆ ಬರಲೇ?

ಔಷಧ ಪರವಾನಗಿ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ, ಕ್ಷಮಿಸಿ. ನಾನು ಶಾಂತವಾಗಿ ಕಂಡೆ ಎಂಬ ಕಾರಣಕ್ಕೆ, ನನ್ನನ್ನು ಶಾಂತವಾಗಿಟ್ಟಿದ್ದ ಔಷಧವನ್ನೇ ನಿಲ್ಲಿಸಿದ್ದೀರಿ. ಕನ್ನಡಕ ಹಾಕಿಕೊಂಡು ಅಕ್ಷರ ಓದಿದವನಿಗೆ, ಕಣ್ಣು ಚೆನ್ನಾಗೇ ಇದೆಯಲ್ಲ ಎಂದು ಹೇಳಿ ಕನ್ನಡಕ ಕಿತ್ತುಕೊಳ್ಳುವ ಬುದ್ಧಿವಂತಿಕೆ ಇದು. ಇದಕ್ಕೆ ನಿಮಗೆ ಸಂಬಳ ಬೇರೆ ಬರುತ್ತದೆ.

ನಾನು ಕೋಟು ಹೊಲಿಯುವವಳು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿ ಎತ್ತಿಕೊಂಡವಳು ಹಾಗೇ ನಿಂತುಬಿಟ್ಟೆ. ಎದೆ ಡವಡವ, ಅಂಗೈ ಒದ್ದೆ. ಮತ್ತೆ ಅಳೆದೆ. ಒಂಬತ್ತು ಸಲ ಅಳೆದೆ. ಕೆಲವೇ ದಿನಗಳಲ್ಲಿ ಮನೆಯ ಹೊಸ್ತಿಲು ದಾಟುವುದಕ್ಕೂ ಭಯವಾಗತೊಡಗಿತು. ವೈದ್ಯೆ ತಿಂಗಳುಗಟ್ಟಲೆ ಮಾತನಾಡಿಸಿದರು, ಮಾತ್ರೆ ಬದಲಾಯಿಸಿದರು. ಯಾವುದೂ ನಾಟದೆ, ಕೊನೆಗೆ ಗಾಂಜಾ ಗಿಡದಿಂದ ತೆಗೆದ ಎಣ್ಣೆ ಬರೆದುಕೊಟ್ಟರು, ಬೆಳಿಗ್ಗೆ ನಾಲಿಗೆಯಡಿ ಎರಡೇ ಹನಿ. "ಇದು ಎಲ್ಲರಿಗೂ ಒಗ್ಗಲ್ಲಮ್ಮ, ಕೆಲವರಿಗೆ ಭಯ ಇನ್ನೂ ಜಾಸ್ತಿ ಆಗತ್ತೆ. ಹುಷಾರಾಗಿ ನೋಡೋಣ" ಎಂದರು. ನನಗೆ ಒಗ್ಗಿತು. ಭಯ ಮನೆ ಬಿಟ್ಟು ಹೋಗಲಿಲ್ಲ, ಪಕ್ಕದ ಕೋಣೆಗೆ ಹೋಗಿ ಕುಳಿತಿತು. ನನಗೆ ಅಷ್ಟೇ ಸಾಕಿತ್ತು.

ವರ್ಷಕ್ಕೊಮ್ಮೆ ಈ ಎಣ್ಣೆಯ ಪರವಾನಗಿ ನವೀಕರಿಸಲು ರೋಗಿ ಖುದ್ದಾಗಿ ನಿಮ್ಮೆದುರು ನಿಲ್ಲಬೇಕಂತೆ. ಅದೂ ನಾಲ್ಕನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಕಾರಿಡಾರಿನ ಕೊನೆಯಲ್ಲಿ. ಹನಿ ಹಾಕಿಕೊಂಡು, ಅಕ್ಕನ ಕೈ ಹಿಡಿದು ಬಂದೆ. "ಆ ಗಾಂಜಾದವರು ಯಾರ್ರೀ? ಬನ್ನಿ ಒಳಗೆ!" ಎಂದು ನಿಮ್ಮ ಗುಮಾಸ್ತರು ಕೂಗಿದರು. ಸಾಲಿಗೆ ಸಾಲೇ ತಿರುಗಿ ನೋಡಿತು. ನೀವು ತಲೆಯೆತ್ತಿ, "ಏನಮ್ಮ, ಆರಾಮಾಗೇ ಇದ್ದೀರಲ್ಲ?" ಎಂದಿರಿ.

"ಹನಿ ಹಾಕ್ಕೊಂಡಿದಾಳೆ ಸಾರ್, ಅದಕ್ಕೇ ಆರಾಮಾಗಿರೋದು" ಎಂದಳು ಅಕ್ಕ.

"ನಾನು ಕಣ್ಣಲ್ಲಿ ಕಂಡಿದ್ದನ್ನ ಮಾತ್ರ ಬರೀತೀನಿ" ಎಂದು ಹೇಳಿ ಬರೆದಿರಿ: ಅರ್ಜಿದಾರರು ಶಾಂತವಾಗಿದ್ದಾರೆ, ಔಷಧದ ಅಗತ್ಯ ಕಂಡುಬಂದಿಲ್ಲ. ಕಾಣುವುದಾದರೂ ಹೇಗೆ? ವೈದ್ಯೆಯ ಎಂಟು ಪುಟದ ವರದಿ ನಿಮ್ಮ ಟೀ ಲೋಟದ ಅಡಿಯಲ್ಲಿತ್ತು.

ಸರಿ, ಕಾಯಿಲೆಯನ್ನೇ ನೋಡಬೇಕೆಂದರೆ ತೋರಿಸೋಣ ಎಂದು, ಮರುಪರಿಶೀಲನೆಗೆ ಅರ್ಜಿ ಹಾಕಿ ಎರಡನೇ ಸಲ ಹನಿಯಿಲ್ಲದೆ ಬಂದೆ. ಮೂರನೇ ಮಹಡಿ ದಾಟುವಾಗ ಉಸಿರು ಸಿಕ್ಕಿಕೊಂಡು ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಅಕ್ಕ ಮೇಲೆ ಓಡಿ ಬಂದು, "ಸಾರ್, ಇಲ್ಲೇ ಕೆಳಗೆ ಇದಾಳೆ, ಒಂದ್ಸಲ ಬಂದು ನೋಡಿ" ಎಂದು ಅಂಗಲಾಚಿದಳು. "ಹಾಜರಾತಿ ಈ ಕೋಣೇಲಿ ಮಾತ್ರ ಕಣಮ್ಮ" ಎಂದಿರಂತೆ. ಗೈರುಹಾಜರು ಎಂದು ಬರೆದಿರಿ. ಹದಿನೆಂಟು ಮೆಟ್ಟಿಲು ಇಳಿಯಲು ನಿಮಗೆ ಯಾವ ಕಾಯಿಲೆ ಅಡ್ಡ ಬಂದಿತ್ತು? ಅದಕ್ಕೆ ಯಾರ ಪರವಾನಗಿ ಬೇಕಿತ್ತು? ಆ ದಿನ ಅತ್ತುಬಿಟ್ಟೆ. ಭಯಕ್ಕಲ್ಲ, ಸಿಟ್ಟಿಗೆ.

ಸೀಸೆ ಖಾಲಿಯಾಗಿ ಇಂದಿಗೆ ಒಂಬತ್ತು ದಿನ. ಹೊಲಿಗೆ ನಿಂತಿದೆ. ಹೀಗೇ ಆದರೆ ಬರುವ ತಿಂಗಳು ಅಂಗಡಿಯ ಬಾಗಿಲು ಎಳೆಯಬೇಕು. ಸದ್ಯ ಮೇಜಿನ ಮೇಲೆ ಒಂದು ಕಪ್ಪು ಉಣ್ಣೆ ಬಟ್ಟೆ ಹಾಸಿದೆ. ಬಡ್ತಿಯ ಸಮಾರಂಭಕ್ಕೆ ಕೋಟು ಬೇಕೆಂದು ಹೆಂಗಸೊಬ್ಬರು ಅಳತೆಗೆಂದು ಗಂಡನ ಹಳೆ ಕೋಟಿನ ಸಮೇತ ಕೊಟ್ಟುಹೋದದ್ದು. ಚೀಟಿಯಲ್ಲಿ ಗಂಡನ ಹುದ್ದೆಯನ್ನೂ ಹೆಮ್ಮೆಯಿಂದ ಬರೆದಿದ್ದಾರೆ. ಹೌದು, ನಿಮ್ಮದೇ ಕೋಟು. ಹನ್ನೊಂದು ಸಲ ಅಳೆದಿದ್ದೇನೆ. ಗೆರೆ ಸರಿಯಿದೆ, ಕತ್ತರಿ ಏಳುತ್ತಿಲ್ಲ. ದ್ವೇಷಕ್ಕೆ ಎಂದುಕೊಳ್ಳಬೇಡಿ. ದ್ವೇಷವಾಗಿದ್ದರೆ ಕತ್ತರಿ ಸಲೀಸಾಗಿ ಏಳುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮೂರನೇ ವಿಚಾರಣೆಯನ್ನು ನನ್ನ ಅಂಗಡಿಯಲ್ಲಿ ನಡೆಸಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ನೆಲಮಹಡಿ, ಮೆಟ್ಟಿಲ ಕಾಟವಿಲ್ಲ. ವೈದ್ಯೆಯ ವರದಿ ಓದಿಕೊಂಡು ಬನ್ನಿ, ಟೀ ಕಲೆ ಇದ್ದರೂ ಅಕ್ಷರ ಕಾಣುತ್ತದೆ. ಕತ್ತರಿ ಹಿಡಿದ ನನ್ನ ಕೈಯನ್ನು, ಅದೇ ನಿಮ್ಮ ಕಣ್ಣಲ್ಲಿ ನೋಡಿ. ಆಮೇಲೂ ಔಷಧದ ಅಗತ್ಯವಿಲ್ಲ ಎನಿಸಿದರೆ ಹಾಗೆಂದೇ ಬರೆದು ಸಹಿ ಹಾಕಿ. ಸಹಿ ಹಾಕಿದ ಮೇಲೆ ಎರಡೂ ತೋಳು ಚಾಚಿ ಅಲ್ಲಾಡದೆ ನಿಲ್ಲಿ. ನಿಮ್ಮ ಮೈಮೇಲೇ ಬಟ್ಟೆ ಹೊದಿಸಿ ಕತ್ತರಿಸುತ್ತೇನೆ.

ಇಂತಿ,
ನಿಮ್ಮ ಕಡತದ ಒಂದು ಪುಟದಲ್ಲಿ ಶಾಂತಳೂ ಮರುಪುಟದಲ್ಲಿ ಗೈರುಹಾಜರೂ ಆಗಿರುವ
ಕೋಟು ಹೊಲಿಯುವವಳು